ಗಣಕದೊಡನೆ ಸಂವಾದ: ನಡೆದು ಬಂದ ದಾರಿ ಮತ್ತು ಕನ್ನಡದ ಹೊಣೆ

ಪೀಠಿಕೆ

ಗಣಕಯಂತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರದ ಚರಿತ್ರೆಯನ್ನು ಬರೆಯುತ್ತಾರೆ. ಅದು ಎಷ್ಟು ದೊಡ್ಡದಿತ್ತು, ಎಷ್ಟು ಚಿಕ್ಕದಾಯಿತು, ಎಷ್ಟು ವೇಗವನ್ನು ಪಡೆಯಿತು ಎಂಬುದೇ ಅಲ್ಲಿ ಮುಖ್ಯ. ಆದರೆ ಅದೇ ಚರಿತ್ರೆಗೆ ಇನ್ನೊಂದು ಮುಖವಿದೆ. ಮನುಷ್ಯನು ತನ್ನ ಮನಸ್ಸಿನಲ್ಲಿರುವುದನ್ನು ಯಂತ್ರಕ್ಕೆ ಹೇಗೆ ತಿಳಿಸುತ್ತಾನೆ, ಯಂತ್ರವು ತನ್ನ ಉತ್ತರವನ್ನು ಮನುಷ್ಯನಿಗೆ ಹೇಗೆ ಒಪ್ಪಿಸುತ್ತದೆ ಎಂಬುದು ಆ ಮುಖ. ಇದು ಮೂಲತಃ ಭಾಷೆಯ ಪ್ರಶ್ನೆ. ಆದ್ದರಿಂದ ಇದನ್ನು ತಂತ್ರಜ್ಞರಿಗೆ ಮಾತ್ರ ಬಿಟ್ಟುಕೊಡದೆ ಭಾಷಾಧ್ಯಯನದವರೂ ಕೈಗೆತ್ತಿಕೊಳ್ಳಬೇಕಾಗಿದೆ.

ಪ್ರಸ್ತುತ ಲೇಖನದಲ್ಲಿ ಮೊದಲು ಈ ಸಂವಾದದ ಜಾಗತಿಕ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಿ, ಅನಂತರ ಕನ್ನಡವು ಆ ಸಂವಾದದೊಳಗೆ ಪ್ರವೇಶ ಪಡೆದ ಬಗೆಯನ್ನು ವಿವರವಾಗಿ ಪರಿಶೀಲಿಸಲಾಗಿದೆ. ಕೊನೆಯಲ್ಲಿ, ಮುಂದಿನ ದಿನಗಳಲ್ಲಿ ಕನ್ನಡ ವಿಭಾಗಗಳು, ಅದರಲ್ಲಿಯೂ ಹೊರನಾಡಿನ ಕನ್ನಡ ವಿಭಾಗಗಳು, ಹೊರಬೇಕಾದ ಹೊಣೆಯನ್ನು ಸೂಚಿಸಲಾಗಿದೆ. ಇಲ್ಲಿ ಪ್ರತಿಪಾದಿಸಬೇಕೆಂದಿರುವ ವಿಚಾರ ಒಂದೇ: ಮನುಷ್ಯ ಮತ್ತು ಯಂತ್ರಗಳ ನಡುವಿನ ವ್ಯವಹಾರದ ಪ್ರತಿಯೊಂದು ಏರ್ಪಾಡಿನ ಹಿಂದೆಯೂ ಭಾಷೆಯನ್ನು ಕುರಿತ ಒಂದು ತೀರ್ಮಾನ ಅಡಗಿರುತ್ತದೆ. ಆ ತೀರ್ಮಾನವನ್ನು ಕೈಗೊಳ್ಳುವಾಗ ಕನ್ನಡದ ಒಳರಚನೆಯನ್ನು ಬಲ್ಲವರು ಅಲ್ಲಿದ್ದರೆ ಫಲ ಒಂದು ಬಗೆ, ಇಲ್ಲದಿದ್ದರೆ ಇನ್ನೊಂದು ಬಗೆ.

ಯಂತ್ರದ ಬಳಿಗೆ ಹೋದ ಮನುಷ್ಯ

1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ಪರಿಚಿತವಾದ ಎನಿಯಾಕ್ ಎಂಬ ಗಣಕದಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದವು. ಅದಕ್ಕೆ ಒಂದು ಹೊಸ ಲೆಕ್ಕವನ್ನು ಒಪ್ಪಿಸಬೇಕಾದರೆ ತಂತಿಗಳನ್ನು ಒಂದೆಡೆಯಿಂದ ಕಿತ್ತು ಇನ್ನೊಂದೆಡೆ ಚುಚ್ಚಬೇಕಾಗಿತ್ತು. ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ ಇಡಬೇಕಾಗಿತ್ತು. ಈ ಕೆಲಸಕ್ಕೆ ದಿನಗಳೇ ಹಿಡಿಯುತ್ತಿದ್ದವು. ಇಲ್ಲಿ ಮನುಷ್ಯನು ಯಂತ್ರದೊಡನೆ ಮಾತನಾಡುತ್ತಿದ್ದನು ಎನ್ನುವುದಕ್ಕಿಂತ, ಪ್ರತಿಸಾರಿಯೂ ಯಂತ್ರವನ್ನೇ ಹೊಸದಾಗಿ ಜೋಡಿಸುತ್ತಿದ್ದನು ಎನ್ನುವುದು ಹೆಚ್ಚು ಸರಿ.

ಮುಂದಿನ ಘಟ್ಟದಲ್ಲಿ ರಂಧ್ರಪತ್ರಗಳು ಬಳಕೆಗೆ ಬಂದವು. ರಂಧ್ರಪತ್ರಗಳ ಮೂಲ ನೇಯ್ಗೆಯ ಕಸಬಿನಲ್ಲಿದೆ. 19ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜಕಾರ್ ಎಂಬಾತನು ಮಗ್ಗದಲ್ಲಿ ಚಿತ್ತಾರವನ್ನು ನಿಯಂತ್ರಿಸಲು ರಂಧ್ರವಿರುವ ರಟ್ಟುಗಳನ್ನು ಬಳಸಿದನು. ಅಮೆರಿಕದ 1890ರ ಜನಗಣತಿಯಲ್ಲಿ ಹಾಲರಿತ್ ಎಂಬಾತನು ರಂಧ್ರಪತ್ರಗಳ ಮೂಲಕವೇ ಎಣಿಕೆಯನ್ನು ನಡೆಸಿದನು. ಗಣಕಗಳ ಕಾಲದಲ್ಲಿ ಆದೇಶಗಳನ್ನೆಲ್ಲ ಇಂಥ ಪತ್ರಗಳಲ್ಲಿ ಕೊರೆದು, ಕಟ್ಟು ಕಟ್ಟಿ, ಗಣಕ ಕೇಂದ್ರದಲ್ಲಿ ಒಪ್ಪಿಸಿ ಬರುವುದು ರೂಢಿಯಾಯಿತು. ಉತ್ತರ ಬರುವುದು ಎಷ್ಟೋ ಹೊತ್ತಿನ ಮೇಲೆ, ಕೆಲವೊಮ್ಮೆ ಮರುದಿನ. ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಅಂಚೆಯ ಮೂಲಕ ನಡೆಯುವ ಸಂಭಾಷಣೆಗೆ ಇದನ್ನು ಹೋಲಿಸಬಹುದು.

ನಮ್ಮ ದೇಶದಲ್ಲಿ ಈ ಘಟ್ಟವು ಮುಂಬಯಿಯಲ್ಲಿಯೇ ಮಹತ್ವದ ತಿರುವನ್ನು ಕಂಡಿತು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ನಿರ್ಮಾಣಗೊಂಡ ಗಣಕವು 1960ರಲ್ಲಿ ಕಾರ್ಯಾರಂಭ ಮಾಡಿತು. 1962ರಲ್ಲಿ ಪ್ರಧಾನಿ ನೆಹರೂ ಅವರು ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಭಾರತೀಯರೇ ರೂಪಿಸಿದ ಈ ಯಂತ್ರವು ಗಣಿತಜ್ಞರ ಮತ್ತು ಭೌತವಿಜ್ಞಾನಿಗಳ ಅಗತ್ಯಕ್ಕೆ ಹುಟ್ಟಿದ್ದು. ಅದರೊಡನೆ ವ್ಯವಹರಿಸಲು ಬೇಕಾಗಿದ್ದುದು ಅಂಕೆಗಳೇ ಹೊರತು ಯಾವ ದೇಶಭಾಷೆಯೂ ಅಲ್ಲ.

ಮನುಷ್ಯನ ಕಡೆಗೆ ಬಂದ ಯಂತ್ರ

1960ರ ದಶಕದಲ್ಲಿ ವಿಚಾರದ ದಿಕ್ಕು ಬದಲಾಯಿತು. 1960ರಲ್ಲಿ ಜೆ.ಸಿ.ಆರ್. ಲಿಕ್‌ಲೈಡರ್ ಅವರು ಪ್ರಕಟಿಸಿದ ಪ್ರಬಂಧವೊಂದು ಮನುಷ್ಯ ಮತ್ತು ಗಣಕಗಳು ಪರಸ್ಪರ ಆಶ್ರಯದಿಂದ ಚಿಂತಿಸುವ ಸಾಧ್ಯತೆಯನ್ನು ಮುಂದಿಟ್ಟಿತು. 1963ರಲ್ಲಿ ಐವನ್ ಸದರ್‌ಲ್ಯಾಂಡ್ ಅವರು ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ನೇರವಾಗಿ ಚಿತ್ರ ಬರೆಯುವ ವ್ಯವಸ್ಥೆಯನ್ನು ರೂಪಿಸಿದರು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಸ್ ಎಂಗೆಲ್ಬಾರ್ಟ್ ಅವರು ನಡೆಸಿದ ಪ್ರಾತ್ಯಕ್ಷಿಕೆಯಲ್ಲಿ ಮೌಸ್, ಪರದೆಯ ಮೇಲೆಯೇ ಪಠ್ಯವನ್ನು ತಿದ್ದುವ ಕ್ರಮ, ಒಂದು ಪಠ್ಯದಿಂದ ಇನ್ನೊಂದಕ್ಕೆ ಹಾಯುವ ಕೊಂಡಿ ಇವೆಲ್ಲ ಒಟ್ಟಿಗೆ ಕಾಣಿಸಿಕೊಂಡವು. ಇಂದು ನಮಗೆ ಸಹಜವೆನಿಸುವ ಬಹುಪಾಲು ಕ್ರಮಗಳು ಅಂದಿನ ಆ ಒಂದೂವರೆ ಗಂಟೆಯಲ್ಲಿ ಸೂಚಿತವಾದವು ಎಂದರೆ ತಪ್ಪಾಗಲಾರದು.

ಜೆರಾಕ್ಸ್ ಸಂಸ್ಥೆಯ ಆಲ್ಟೊ (1973) ಮತ್ತು ಸ್ಟಾರ್ (1981), ಆಪಲ್ ಸಂಸ್ಥೆಯ ಮೆಕಿಂತಾಷ್ (1984), ಮೈಕ್ರೊಸಾಫ್ಟ್ ಸಂಸ್ಥೆಯ ವಿಂಡೋಸ್ (1985) ಇವು ಈ ಕನಸನ್ನು ಕ್ರಮವಾಗಿ ಕಚೇರಿಗೂ ಮನೆಗೂ ತಂದವು. ಆದೇಶವನ್ನು ನೆನಪಿಟ್ಟು ಬರೆಯುವುದರ ಬದಲು ಚಿತ್ರವನ್ನು ಕಂಡು ತೋರಿಸುವುದು ಸಾಕಾಯಿತು. 2007ರಲ್ಲಿ ಬಂದ ಐಫೋನ್ ಆ ತೋರಿಸುವ ಕೆಲಸವನ್ನು ನೇರವಾಗಿ ಬೆರಳಿಗೇ ಒಪ್ಪಿಸಿತು.

ಇಷ್ಟನ್ನು ನೋಡಿದವರಿಗೆ, ಯಂತ್ರವು ಹೆಜ್ಜೆಹೆಜ್ಜೆಯಾಗಿ ಮನುಷ್ಯನ ಹತ್ತಿರ ಬಂದಿತು ಎಂದು ತೋರುವುದು ಸಹಜ. ಆ ಮಾತು ನಿಜವೂ ಹೌದು. ಆದರೆ ಅದು ಹತ್ತಿರ ಬಂದುದು ಯಾವ ಮನುಷ್ಯನಿಗೆ? 1963ರಲ್ಲಿ ಅಮೆರಿಕದಲ್ಲಿ ನಿಗದಿಯಾದ ಆಸ್ಕಿ ಎಂಬ ಸಂಕೇತ ಪದ್ಧತಿಯಲ್ಲಿ ಇದ್ದುದು ಒಟ್ಟು 128 ಸ್ಥಾನಗಳು. ಇಂಗ್ಲಿಷಿನ ಅಕ್ಷರಗಳಿಗೂ ಅಂಕೆ ಮತ್ತು ಚಿಹ್ನೆಗಳಿಗೂ ಅವು ಸಾಕಾಗಿದ್ದವು. ಬೇರೆ ಲಿಪಿಗಳನ್ನು ಬರೆಯುವವರು ಆ ಸಂವಾದದ ಹೊರಗೇ ಉಳಿದರು. ಕನ್ನಡದ ಪ್ರಶ್ನೆ ಆರಂಭವಾಗುವುದು ಇಲ್ಲಿಂದ.

ಆಕಾರವೋ ಅಕ್ಷರವೋ

ಕನ್ನಡವನ್ನು ಯಂತ್ರಕ್ಕೆ ಒಗ್ಗಿಸುವ ಸಮಸ್ಯೆ ಗಣಕಕ್ಕಿಂತ ಹಳೆಯದು. ಅಚ್ಚುಮೊಳೆಗಳನ್ನು ಜೋಡಿಸುವವನ ಮುಂದಿದ್ದ ಪೆಟ್ಟಿಗೆಯಲ್ಲಿ ನೂರಾರು ಮನೆಗಳಿರುತ್ತಿದ್ದವು. ಮೂಲಾಕ್ಷರಗಳು, ಗುಣಿತದ ರೂಪಗಳು, ಒತ್ತಕ್ಷರಗಳು ಇವುಗಳಿಗೆಲ್ಲ ಬೇರೆ ಬೇರೆ ಮೊಳೆ. ಬೆರಳಚ್ಚು ಯಂತ್ರ ಬಂದಾಗ ಇಷ್ಟೆಲ್ಲವನ್ನೂ ಐವತ್ತರ ಆಸುಪಾಸಿನ ಕೀಲಿಗಳಿಗೆ ಇಳಿಸಬೇಕಾಯಿತು. ಆಗ ಅನುಸರಿಸಿದ ಮಾರ್ಗವೆಂದರೆ ಅಕ್ಷರದ ಆಕಾರವನ್ನು ತುಂಡು ಮಾಡುವುದು: ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಇಳಿ ಒಂದು ಕಡೆ. ಕಣ್ಣಿಗೆ ಕಾಣುವುದನ್ನು ಕಾಗದದ ಮೇಲೆ ಮೂಡಿಸಬೇಕಾಗಿದ್ದ ಯಂತ್ರಕ್ಕೆ ಬೇರೆ ದಾರಿಯೂ ಇರಲಿಲ್ಲ.

ಗಣಕಕ್ಕೆ ಬೇರೆ ದಾರಿಯಿತ್ತು. ಗಣಕವು ಅಕ್ಷರವನ್ನು ಒಂದು ಸಂಖ್ಯೆಯಾಗಿ ನೆನಪಿಟ್ಟುಕೊಳ್ಳುತ್ತದೆ; ಅದರ ಆಕಾರವನ್ನು ಪರದೆಯ ಮೇಲೆ ತೋರಿಸುವ ಕೆಲಸ ಆಮೇಲಿನದು. ಹಾಗಾದರೆ ಯಾವುದಕ್ಕೆ ಸಂಖ್ಯೆಯನ್ನು ಕೊಡಬೇಕು? ‘ಕೈ’, ‘ಕ್ಕ’, ‘ಸ್ತ್ರೀ’ ಎಂಬ ಒಂದೊಂದು ರೂಪಕ್ಕೂ ಪ್ರತ್ಯೇಕ ಸಂಖ್ಯೆಯೇ? ಅಥವಾ ಅವುಗಳೊಳಗಿನ ವರ್ಣಗಳಿಗೆ ಮಾತ್ರವೇ? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ವ್ಯಾಕರಣ ಪರಂಪರೆ ಎಂದೋ ಸಿದ್ಧಪಡಿಸಿ ಇಟ್ಟಿತ್ತು. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವು ಅಕ್ಷರಗಳ ವಿವೇಚನೆಯಿಂದಲೇ ಸಂಧಿಯ ಕಡೆಗೆ ಸಾಗುತ್ತದೆ. ಸ್ವರ, ವ್ಯಂಜನ, ಅವುಗಳ ಸಂಯೋಗ ಎಂಬ ವಿಭಜನೆ ಶಾಲೆಯ ಕಾಗುಣಿತದಲ್ಲಿ ಪ್ರತಿ ಮಗುವಿಗೂ ಪರಿಚಿತ. ರೂಪಗಳು ಸಾವಿರಾರು, ವರ್ಣಗಳು ಐವತ್ತರ ಸುತ್ತಮುತ್ತ.

ಈ ವಿವೇಕವನ್ನು ಕೀಲಿಮಣೆಯಲ್ಲಿ ಸಾಕ್ಷಾತ್ಕರಿಸಿದವರಲ್ಲಿ ಪ್ರಮುಖರು ಕಿನ್ನಿಕಂಬಳದ ಕೆ.ಪಿ. ರಾವ್. ದಕ್ಷಿಣ ಕನ್ನಡದವರಾದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಅನಂತರ ಮುದ್ರಣ ತಂತ್ರಜ್ಞಾನದ ಕ್ಷೇತ್ರದಲ್ಲಿಯೂ ದುಡಿದವರು. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲಿಯೇ ಇಡೀ ಕನ್ನಡವನ್ನು ಅಡಗಿಸಿದ ಅವರ ವಿನ್ಯಾಸವನ್ನು ಸೂಕ್ಷ್ಮವಾಗಿ ನೋಡಬೇಕು. ವ್ಯಂಜನದ ಕೀಲಿಯನ್ನು ಒತ್ತಿದರೆ ಅಕಾರಸಹಿತವಾದ ವ್ಯಂಜನ ಬರುತ್ತದೆ. ಅದರ ಮುಂದೆ ಸ್ವರದ ಕೀಲಿಯನ್ನು ಒತ್ತಿದರೆ ಗುಣಿತಾಕ್ಷರವಾಗುತ್ತದೆ. ಅಲ್ಪಪ್ರಾಣದ ಕೀಲಿಯನ್ನೇ ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣ ಬರುತ್ತದೆ. ‘ಎಫ್’ ಕೀಲಿಯು ಒಳಗಿನ ಅಕಾರವನ್ನು ಕಳೆದು ಮುಂದಿನ ವ್ಯಂಜನವನ್ನು ಒತ್ತಾಗಿ ಕೂಡಿಸುತ್ತದೆ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳು ಸಾಕು. ಆ ಐದು ಹೆಜ್ಜೆಗಳನ್ನು ಬಿಡಿಸಿ ನೋಡಿದರೆ ಕ, ನ, ಅಕಾರಲೋಪ, ನ, ಡ ಎಂಬ ವ್ಯಾಕರಣದ ವಿಶ್ಲೇಷಣೆಯೇ ದೊರೆಯುತ್ತದೆ. ಇದನ್ನು ಕಲಿಯುವವನು ಹೊಸ ತಂತ್ರವನ್ನು ಕಲಿಯುವುದಿಲ್ಲ. ತನಗೆ ತಿಳಿದಿರುವ ಕಾಗುಣಿತವನ್ನು ಬೆರಳಿಗೆ ತಂದುಕೊಳ್ಳುತ್ತಾನೆ. ಕರ್ನಾಟಕ ಸರ್ಕಾರವು ಈ ವಿನ್ಯಾಸವನ್ನೇ ಆಧರಿಸಿ ತನ್ನ ಅಧಿಕೃತ ಕೀಲಿಮಣೆಯನ್ನು ನಿಗದಿಪಡಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ವ್ಯಾಪಕವಾಗಿ ಬಳಕೆಗೆ ಬಂದಿತು. 1998ರಲ್ಲಿ ಶೇಷಾದ್ರಿ ವಾಸು ಅವರು ಹೊರತಂದ ‘ಬರಹ’ ತಂತ್ರಾಂಶವೂ ಹೊರನಾಡು ಮತ್ತು ಹೊರದೇಶಗಳ ಅಸಂಖ್ಯ ಕನ್ನಡಿಗರ ಕೈಗೆ ಕನ್ನಡ ಬರವಣಿಗೆಯನ್ನು ಮರಳಿ ಕೊಟ್ಟಿತು.

ಇದೇ ತತ್ತ್ವವನ್ನು ಅಖಿಲ ಭಾರತ ಮಟ್ಟದಲ್ಲಿ ವಿಸ್ತರಿಸಿದ ಪ್ರಯತ್ನವೂ ಗಮನಾರ್ಹ. ಕಾನ್ಪುರದ ಐ.ಐ.ಟಿ.ಯಲ್ಲಿ ದೇವನಾಗರಿಗಾಗಿ ಆರಂಭವಾದ ಸಂಶೋಧನೆಯು 1988ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ‘ಜಿಸ್ಟ್’ ಎಂಬ ಹೆಸರಿನಿಂದ ಮುಂದುವರಿಯಿತು. ಬ್ರಾಹ್ಮಿಯಿಂದ ಕವಲೊಡೆದ ಲಿಪಿಗಳ ವರ್ಣಮಾಲೆಯ ಚೌಕಟ್ಟು ಒಂದೇ ಆಗಿರುವುದರಿಂದ, ಎಲ್ಲ ಲಿಪಿಗಳಲ್ಲಿಯೂ ‘ಕ’ಕಾರಕ್ಕೆ ಒಂದೇ ಕೀಲಿ, ಒಂದೇ ಸಂಕೇತ ಎಂಬುದು ಅದರ ಆಧಾರ. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅಂಗೀಕರಿಸಿದ ‘ಇಸ್ಕಿ’ ಸಂಕೇತ ಪದ್ಧತಿ ಈ ತತ್ತ್ವವನ್ನೇ ಆಧರಿಸಿದೆ.

ಆದರೆ 1990ರ ದಶಕದ ಅಚ್ಚುಕೂಟಗಳಲ್ಲಿ ಈ ತತ್ತ್ವ ಪೂರ್ಣವಾಗಿ ನೆಲೆಯೂರಲಿಲ್ಲ. ಬೇರೆ ಬೇರೆ ತಯಾರಕರು ಅಕ್ಷರದ ಚೂರುಗಳಿಗೆ ತಮಗೆ ತೋಚಿದ ಸಂಖ್ಯೆಗಳನ್ನು ಕೊಟ್ಟರು. ಒಬ್ಬರ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಪಠ್ಯ ಇನ್ನೊಬ್ಬರ ತಂತ್ರಾಂಶದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಯಿತು. ಅಚ್ಚಿನಲ್ಲಿ ಪುಟ ಸುಂದರವಾಗಿ ಬಂದರೂ, ಯಂತ್ರದ ದೃಷ್ಟಿಯಲ್ಲಿ ಅದು ಕನ್ನಡವಾಗಿರಲಿಲ್ಲ. ಆ ಕಾಲದ ಪುಸ್ತಕಗಳ ಕಡತಗಳು ಇಂದಿಗೂ ಉಳಿದಿದ್ದರೆ, ಅವುಗಳನ್ನು ಪರಿವರ್ತಿಸದೆ ಅವುಗಳಲ್ಲಿ ಒಂದು ಪದವನ್ನು ಹುಡುಕುವುದೂ ಸಾಧ್ಯವಿಲ್ಲ. ಅಕ್ಷರವನ್ನು ಬಿಟ್ಟು ಆಕಾರವನ್ನು ಹಿಡಿದುದಕ್ಕೆ ಕನ್ನಡವು ತೆತ್ತ ಬೆಲೆ ಇದು.

ಒಂದು ಅಕ್ಷರದ ಹೆಸರು

1991ರಲ್ಲಿ ಪ್ರಕಟವಾದ ಯುನಿಕೋಡ್ ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆಯನ್ನು ಒದಗಿಸುವ ಪ್ರಯತ್ನ. ಭಾರತೀಯ ಲಿಪಿಗಳ ವಿಷಯದಲ್ಲಿ ಅದು 1988ರ ಇಸ್ಕಿಯನ್ನು ಆಧಾರವಾಗಿ ಇಟ್ಟುಕೊಂಡಿತು. ಕನ್ನಡಕ್ಕೆ 128 ಸ್ಥಾನಗಳ ಒಂದು ವಲಯವನ್ನು ಮೀಸಲಿಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿ ಕನ್ನಡ ಯುನಿಕೋಡನ್ನು ಸಾಮಾನ್ಯರ ಗಣಕಕ್ಕೆ ತಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಇಂದು ನಾವು ದೂರವಾಣಿಯಲ್ಲಿ ಓದುವ ಪ್ರತಿ ಕನ್ನಡ ಸಾಲಿನ ಹಿಂದೆಯೂ ಈ ಸಂಕೇತವಿದೆ. ಇದರ ಉಪಕಾರ ದೊಡ್ಡದು.

ಆದರೂ ಹಳಗನ್ನಡವನ್ನು ಬಲ್ಲವರು ಈ ವಲಯದಲ್ಲಿ ನೋಡಲೇಬೇಕಾದ ಒಂದು ಸ್ಥಾನವಿದೆ. ‘ೞ’ ಅಕ್ಷರ ಅಲ್ಲಿದೆ. ‘ಬಾೞ್’, ‘ಏೞು’ ಮೊದಲಾದ ರೂಪಗಳನ್ನು ಬರೆಯಲು ತೊಡಕಿಲ್ಲ. ಆದರೆ ಆ ಸ್ಥಾನಕ್ಕೆ ಯುನಿಕೋಡ್ ಇಂಗ್ಲಿಷಿನಲ್ಲಿ ಕೊಟ್ಟ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’ ಎಂದು! ರಳ, ಕುಳ, ಕ್ಷಳಗಳ ಭೇದವನ್ನು ಕೇಶಿರಾಜನು ಅಷ್ಟು ಶ್ರದ್ಧೆಯಿಂದ ವಿವೇಚಿಸಿದ ಭಾಷೆಯಲ್ಲಿ, ಆ ರಳಕಾರವು ಜಗತ್ತಿನ ದಾಖಲೆಯೊಳಗೆ ಫಕಾರದ ಹೆಸರನ್ನು ಹೊತ್ತು ನಿಂತಿದೆ. ಒಮ್ಮೆ ನೀಡಿದ ಹೆಸರನ್ನು ಬದಲಾಯಿಸಬಾರದೆಂಬುದು ಯುನಿಕೋಡಿನ ನಿಯಮ. ಆದ್ದರಿಂದ ‘ಈ ಹೆಸರು ತಪ್ಪು’ ಎಂಬ ಟಿಪ್ಪಣಿಯನ್ನೂ ಸರಿಯಾದ ಪರ್ಯಾಯ ನಾಮವನ್ನೂ ಸೇರಿಸಲಾಗಿದೆಯೇ ಹೊರತು ಮೂಲ ಹೆಸರು ಹಾಗೆಯೇ ಉಳಿದಿದೆ.

ಇದರಿಂದ ಬಳಕೆದಾರನಿಗೆ ಪ್ರತ್ಯಕ್ಷವಾದ ತೊಂದರೆಯೇನೂ ಇಲ್ಲ. ಆದರೂ ಇದೊಂದು ಪಾಠ. ತಂತ್ರಜ್ಞಾನದ ತೀರ್ಮಾನಗಳು ಆಗುವುದು ಒಮ್ಮೆ, ಉಳಿಯುವುದು ದೀರ್ಘಕಾಲ. ಹಸ್ತಪ್ರತಿಯ ಪಾಠದೋಷವನ್ನು ಮುಂದಿನ ಸಂಪಾದಕನು ತಿದ್ದಬಲ್ಲನು. ಇಲ್ಲಿಯ ದೋಷಕ್ಕೆ ಅಡಿಟಿಪ್ಪಣಿ ಬರೆಯಬಹುದು ಅಷ್ಟೆ.

ಇನ್ನೂ ಕೆಲವು ತೊಡಕುಗಳು ನಿತ್ಯದ ಬರವಣಿಗೆಯಲ್ಲಿಯೇ ಎದುರಾಗುತ್ತವೆ. ‘ಸೂರ್ಯ’ ಎಂಬಲ್ಲಿ ನಮಗೆ ಅರ್ಕಾವತ್ತು ಬೇಕು; ‘ರ‍್ಯಾಂಕ್’ ಎಂಬಲ್ಲಿ ಬೇಡ. ಎರಡರಲ್ಲಿಯೂ ಇರುವ ವರ್ಣಸಂಯೋಗ ಒಂದೇ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಬೇಕಾದರೆ ಜಕಾರದ ಕೆಳಗೆ ಕಕಾರವು ಒತ್ತಾಗಿ ಹೋಗದಂತೆ ತಡೆಯಬೇಕು. ಇಂಥ ಕಡೆಗಳಲ್ಲಿ ಕಣ್ಣಿಗೆ ಕಾಣದ ವಿಶೇಷ ಚಿಹ್ನೆಗಳನ್ನು ನಡುವೆ ಸೇರಿಸಬೇಕಾಗುತ್ತದೆ. ಕಾಣದ ಆ ಚಿಹ್ನೆಯನ್ನು ಒಬ್ಬನು ಸೇರಿಸಿ ಇನ್ನೊಬ್ಬನು ಬಿಟ್ಟರೆ, ಓದುಗನಿಗೆ ಒಂದೇ ಎನಿಸುವ ಹೆಸರು ಹುಡುಕುವ ಯಂತ್ರಕ್ಕೆ ಎರಡಾಗಬಹುದು. ಹುಡುಕಾಟದ ತೊಡಕು ಇಲ್ಲಿಗೇ ನಿಲ್ಲುವುದಿಲ್ಲ. ‘ಕಾಲ’ ಎಂದು ಹುಡುಕಿದರೆ ‘ಮಳೆಗಾಲ’ ಸಿಗದು. ‘ತಾವರೆ’ ಎಂದರೆ ‘ಬೆಟ್ಟದಾವರೆ’ ಸಿಗದು. ಆದೇಶ ಸಂಧಿಯನ್ನು ಯಂತ್ರಕ್ಕೆ ಕಲಿಸದೆ ಕನ್ನಡದ ನಿಘಂಟನ್ನಾಗಲಿ ಗ್ರಂಥಸೂಚಿಯನ್ನಾಗಲಿ ಸಮರ್ಪಕವಾಗಿ ಹುಡುಕಲಾಗದು.

ಯಾರು ಯಾರಿಗೆ ಹೇಳುವ ಮಾತು?

ಲಿಪಿಯ ನಂತರ ಬರುವುದು ಮಾತಿನ ಪ್ರಶ್ನೆ. ತಂತ್ರಾಂಶಗಳನ್ನು ಕನ್ನಡಕ್ಕೆ ತರುವವರ ಮುಂದೆ ಬರುವ ಒಂದು ಸಣ್ಣ ಸಮಸ್ಯೆಯನ್ನು ಇಲ್ಲಿ ವಿಚಾರಿಸಬಹುದು. ಇಂಗ್ಲಿಷಿನ ಪರದೆಯಲ್ಲಿ ‘ಸೇವ್’ ಎಂದಿರುತ್ತದೆ. ಕನ್ನಡದಲ್ಲಿ ಏನೆಂದು ಬರೆಯಬೇಕು? ‘ಉಳಿಸು’ ಎಂದೋ, ‘ಉಳಿಸಿ’ ಎಂದೋ? ಇಂಗ್ಲಿಷಿನ ಕ್ರಿಯಾಪದವು ಹೇಳುವವನು ಯಾರು, ಕೇಳುವವನು ಯಾರು, ಅವರ ನಡುವಿನ ಗೌರವದ ಸಂಬಂಧವೇನು ಎಂಬುದನ್ನು ಹೇಳದೆ ಜಾರಿಕೊಳ್ಳುತ್ತದೆ. ಕನ್ನಡದ ವಿಧ್ಯರ್ಥ ಹಾಗೆ ಜಾರಿಕೊಳ್ಳಲು ಬಿಡುವುದಿಲ್ಲ. ‘ಉಳಿಸು’ ಎಂದರೆ ಮನುಷ್ಯನು ಯಂತ್ರಕ್ಕೆ ಕೊಡುವ ಆಜ್ಞೆ. ‘ಉಳಿಸಿ’ ಎಂದರೆ ಯಂತ್ರವು ಮನುಷ್ಯನಲ್ಲಿ ಮಾಡುವ ವಿಜ್ಞಾಪನೆ, ಇಲ್ಲವೇ ಮನುಷ್ಯನು ಯಂತ್ರಕ್ಕೂ ಬಹುವಚನವನ್ನು ಕೊಟ್ಟಂತೆ. ಒಂದೇ ಪರದೆಯಲ್ಲಿ ‘ತೆರೆ’, ‘ಅಳಿಸು’ ಎಂಬ ಏಕವಚನವೂ ‘ನಿಮ್ಮ ಹೆಸರನ್ನು ಬರೆಯಿರಿ’ ಎಂಬ ಬಹುವಚನವೂ ಇರುವುದು ಅಸಂಗತವಲ್ಲ, ವ್ಯಾಕರಣಬದ್ಧವೇ. ಮೊದಲನೆಯದು ನಾವು ಆಡುವ ಮಾತು, ಎರಡನೆಯದು ನಾವು ಕೇಳುವ ಮಾತು. ಈ ವಿವೇಕವಿಲ್ಲದೆ ಪದಕ್ಕೆ ಪದವನ್ನಿಟ್ಟ ಅನುವಾದದಲ್ಲಿ ಯಂತ್ರವೇ ಬಳಕೆದಾರನನ್ನು ‘ನೀನು’ ಎಂದು ಗದರಿಸಿದಂತಾಗುತ್ತದೆ. ಜನರು ಕನ್ನಡದ ಪರದೆಯನ್ನು ಬಿಟ್ಟು ಇಂಗ್ಲಿಷಿಗೆ ಮರಳುವುದಕ್ಕೆ ಇಂಥ ಅನುವಾದಗಳೂ ಒಂದು ಕಾರಣ.

ನುಡಿಯುವ ಯಂತ್ರದ ಕಾಲ

ಮನುಷ್ಯನ ಸಹಜ ಮಾತಿನಲ್ಲಿಯೇ ಯಂತ್ರದೊಡನೆ ವ್ಯವಹರಿಸಬೇಕೆಂಬುದು ಹಳೆಯ ಆಸೆ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಅವರು ಪ್ರಕಟಿಸಿದ ‘ಎಲೈಜಾ’ ಎಂಬ ಕ್ರಮವಿಧಿಯು ಬರೆದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು. ಅದಕ್ಕೆ ಅರ್ಥಜ್ಞಾನವಿರಲಿಲ್ಲ, ಆದರೂ ಅದರೊಡನೆ ಮಾತನಾಡಿದವರು ಅದನ್ನು ತಮ್ಮ ಆಪ್ತನೆಂಬಂತೆ ಕಂಡರು. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ ಮೊದಲಾದ ಭಾಷಾ ಮಾದರಿಗಳು ಅಪಾರವಾದ ಪಠ್ಯರಾಶಿಯಿಂದ ಭಾಷೆಯ ಬಳಕೆಯನ್ನು ಕಲಿತು ಉತ್ತರಿಸುತ್ತವೆ. ಇವು ಕನ್ನಡದಲ್ಲಿಯೂ ಉತ್ತರಿಸುತ್ತವೆ. ಗೂಗಲ್ ಸಂಸ್ಥೆಯ ಅನುವಾದ ಸೌಲಭ್ಯಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಅದರ ಧ್ವನಿಬರಹದ ಸೌಲಭ್ಯಕ್ಕೆ ಸೇರಿದ್ದು 2017ರಲ್ಲಿ. ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆ 2022ರಲ್ಲಿ ಆರಂಭವಾಯಿತು.

ಇಲ್ಲಿ ಚರಿತ್ರೆಯು ಒಂದು ದೊಡ್ಡ ತಿರುವನ್ನು ಪಡೆದಿದೆ. ಓದುಬರಹ ಬಾರದವರೂ ಯಂತ್ರದೊಡನೆ ವ್ಯವಹರಿಸುವ ಕಾಲ ಬಂದಿದೆ. ಪಿಂಚಣಿಯ ವಿಚಾರ, ಬೆಳೆಯ ರೋಗ, ಔಷಧಿಯ ಪ್ರಮಾಣ ಇವುಗಳನ್ನು ಅಜ್ಜಿಯೊಬ್ಬಳು ಬಾಯಿಮಾತಿನಲ್ಲಿ ಕೇಳಬಹುದಾಗಿದೆ. ಆದರೆ ಅವಳು ಯಾವ ಕನ್ನಡದಲ್ಲಿ ಕೇಳುತ್ತಾಳೆ? ಗ್ರಂಥಭಾಷೆಯ ‘ಇದೆ’ ಎಂಬುದು ಒಂದೆಡೆ ‘ಐತಿ’, ಒಂದೆಡೆ ‘ಅದ’, ಒಂದೆಡೆ ‘ಐತೆ’, ಕರಾವಳಿಯಲ್ಲಿ ‘ಉಂಟು’. ‘ಹಾಲು’ ಹಲವರ ಬಾಯಲ್ಲಿ ‘ಆಲು’. ಮುಂಬಯಿಯ ಕನ್ನಡಿಗನ ವಾಕ್ಯದಲ್ಲಿ ಮರಾಠಿ, ಹಿಂದಿ, ತುಳು ಪದಗಳು ಕೂಡಿಕೊಂಡಿರುತ್ತವೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡದ ಲಯವೇ ಬೇರೆ. ಹೈದರಾಬಾದಿನಲ್ಲಿ ಉರ್ದು ಮತ್ತು ತೆಲುಗಿನ, ಚೆನ್ನೈಯಲ್ಲಿ ತಮಿಳಿನ ಸಹವಾಸ. ಬರೆದ ಪಠ್ಯವನ್ನು ಮಾತ್ರ ಓದಿ ಬೆಳೆದ ಯಂತ್ರಕ್ಕೆ ಈ ಕನ್ನಡಗಳು ಅಪರಿಚಿತ. ತನ್ನ ಮಾತು ಯಂತ್ರಕ್ಕೆ ತಿಳಿಯದಾದಾಗ ಮಾತನಾಡುವವನು ಮಾಡುವುದು ಎರಡರಲ್ಲಿ ಒಂದು: ತನ್ನ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿಕೊಳ್ಳುತ್ತಾನೆ, ಅಥವಾ ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತಾನೆ. ಎರಡರಲ್ಲಿಯೂ ನಷ್ಟವಾಗುವುದು ಕನ್ನಡಕ್ಕೇ. ತಂತಿಗಳ ಕಾಲದಲ್ಲಿ ಮನುಷ್ಯನು ಯಂತ್ರದ ಭಾಷೆಯನ್ನು ಕಲಿಯಬೇಕಾಗಿದ್ದಂತೆ, ಈಗ ಮತ್ತೆ ಅವನೇ ಯಂತ್ರಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.

ವೆಚ್ಚದ ಪ್ರಶ್ನೆಯೂ ಇಲ್ಲಿದೆ. ಅಂತರಜಾಲದಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರವು ಒಂದು ಬೈಟ್ ಸ್ಥಳವನ್ನು ಹಿಡಿದರೆ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದಕ್ಕೆ ಹದಿನೈದು. ಭಾಷಾ ಮಾದರಿಗಳು ಪಠ್ಯವನ್ನು ತುಣುಕುಗಳನ್ನಾಗಿ ಒಡೆದು ಓದುತ್ತವೆ. ಪ್ರಧಾನವಾಗಿ ಇಂಗ್ಲಿಷ್ ಪಠ್ಯವನ್ನು ಆಧರಿಸಿ ರೂಪುಗೊಂಡ ಮಾದರಿಯಲ್ಲಿ ಕನ್ನಡದ ಒಂದು ಪದವು ಇಂಗ್ಲಿಷಿನ ಪದಕ್ಕಿಂತ ಹೆಚ್ಚು ಚೂರುಗಳಾಗುತ್ತದೆ. ಆ ಚೂರುಗಳು ಪ್ರಕೃತಿ ಮತ್ತು ಪ್ರತ್ಯಯಗಳ ಎಲ್ಲೆಯನ್ನು ಅನುಸರಿಸಬೇಕೆಂಬ ನಿಯಮವೂ ಇಲ್ಲ. ‘ಮನೆಗಳಲ್ಲಿ’ ಎಂಬುದನ್ನು ಮನೆ, ಗಳು, ಅಲ್ಲಿ ಎಂದು ಬಿಡಿಸಲು ನಮ್ಮ ಶಾಲಾಬಾಲಕನಿಗೆ ಬರುತ್ತದೆ. ಯಂತ್ರವು ಅದನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು. ಬೆರಳಚ್ಚಿನ ಕಾಲದ ಆಕಾರ ಮತ್ತು ಅಕ್ಷರಗಳ ಸಮಸ್ಯೆಯೇ ಈಗ ಪದದ ಮಟ್ಟದಲ್ಲಿ ಮರುಹುಟ್ಟು ಪಡೆದಿದೆ.

ಹೊರನಾಡಿನ ಕನ್ನಡ ವಿಭಾಗಗಳ ಹೊಣೆ

ಕನ್ನಡ ಗಣಕೀಕರಣದ ಚರಿತ್ರೆಯ ಬಹುಮುಖ್ಯ ಅಧ್ಯಾಯಗಳು ಕರ್ನಾಟಕದ ಹೊರಗೆ ನಡೆದಿವೆ ಎಂಬುದು ಆಕಸ್ಮಿಕವಲ್ಲ. ಮುಂಬಯಿ ಮತ್ತು ಪುಣೆಯ ಸಂಸ್ಥೆಗಳನ್ನು ಮೇಲೆ ಪ್ರಸ್ತಾಪಿಸಲಾಗಿದೆ. ಕಾನ್ಪುರದಲ್ಲಿ ಆರಂಭವಾಗಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಮುಂದುವರಿದ ‘ಅನುಸಾರಕ’ ಯೋಜನೆಯು ಕನ್ನಡದಿಂದ ಹಿಂದಿಗೆ ಯಂತ್ರಾನುವಾದವನ್ನು ಸಾಧಿಸಲು ಯತ್ನಿಸಿತು. ಚೆನ್ನೈಯ ಐ.ಐ.ಟಿ.ಯ ‘ಎಐ ಫಾರ್ ಭಾರತ್’ ತಂಡವು ಪರಿಶಿಷ್ಟದ 22 ಭಾಷೆಗಳಿಗೂ ಅನ್ವಯಿಸುವ ಅನುವಾದ ಮಾದರಿಯನ್ನು 2023ರಲ್ಲಿ ಮುಕ್ತವಾಗಿ ಒದಗಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಭಾಗಿಯಾಗಿರುವ ‘ವಾಣಿ’ ಯೋಜನೆಯು ಜಿಲ್ಲೆ ಜಿಲ್ಲೆಗಳ ಮಾತನ್ನು ಧ್ವನಿಮುದ್ರಿಸುವ ಗುರಿ ಇಟ್ಟುಕೊಂಡಿದೆ. ಅನೇಕ ಭಾಷೆಗಳ ನಡುವೆ ನಿಂತವನಿಗೆ ತನ್ನ ಭಾಷೆಯ ಸ್ವರೂಪ ಹೆಚ್ಚು ಸ್ಪಷ್ಟವಾಗಿ ಕಾಣುವುದರಿಂದ, ಈ ಕೆಲಸಕ್ಕೆ ಹೊರನಾಡಿನ ನೆಲ ಅನುಕೂಲವಾಗಿಯೇ ಇದೆ.

2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 4.37 ಕೋಟಿ, ಅವರಲ್ಲಿ ಮಹಾರಾಷ್ಟ್ರದಲ್ಲಿದ್ದವರು ಸುಮಾರು 10 ಲಕ್ಷ. ಈ ಹೊರನಾಡ ಕನ್ನಡಗಳನ್ನು ಒಳನಾಡಿನವರು ಬಂದು ದಾಖಲಿಸುವರೆಂದು ಕಾಯುವಂತಿಲ್ಲ. ನಮ್ಮ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ಬಗೆಯ ಕೆಲಸಗಳನ್ನು ಕೈಗೊಳ್ಳಬಹುದು. ಮೊದಲನೆಯದು, ತಮ್ಮ ಮನೆ, ಪೇಟೆ, ಕಾರ್ಖಾನೆ, ಹೋಟೆಲುಗಳ ಕನ್ನಡವನ್ನು ಮಾತನಾಡುವವರ ಒಪ್ಪಿಗೆಯೊಡನೆ ಧ್ವನಿಮುದ್ರಿಸಿ, ಯಥಾವತ್ತಾಗಿ ಲಿಪ್ಯಂತರಿಸಿ ಇಡುವುದು. ಎರಡನೆಯದು, ಹಳೆಯ ತಂತ್ರಾಂಶಗಳಲ್ಲಿ ಸಿಕ್ಕಿಬಿದ್ದಿರುವ ಹೊರನಾಡ ಪತ್ರಿಕೆ ಮತ್ತು ಸ್ಮರಣಸಂಚಿಕೆಗಳ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ತಿದ್ದುವುದು. ಗ್ರಂಥಸಂಪಾದನ ಶಾಸ್ತ್ರವನ್ನು ಓದಿದವರಿಗೆ ಇದು ಹೊಸ ವಿದ್ಯೆಯಲ್ಲ. ಮೂರನೆಯದು, ಯಂತ್ರಗಳು ನೀಡುವ ಕನ್ನಡವನ್ನು ವ್ಯಾಕರಣ ಮತ್ತು ಔಚಿತ್ಯಗಳ ದೃಷ್ಟಿಯಿಂದ ಪರೀಕ್ಷಿಸಿ, ದೋಷಗಳನ್ನು ವರ್ಗೀಕರಿಸಿ ಪ್ರಕಟಿಸುವುದು. ಸಂಧಿ, ಸಮಾಸ, ವಿಭಕ್ತಿ, ವಿಧ್ಯರ್ಥ, ಆಡುನುಡಿ ಎಂಬ ಶೀರ್ಷಿಕೆಗಳ ಕೆಳಗೆ ಇಂಥ ಒಂದೊಂದು ಪಟ್ಟಿಯೂ ಯಂತ್ರವನ್ನು ರೂಪಿಸುವವರಿಗೆ ನೇರವಾಗಿ ಉಪಯುಕ್ತ.

ಗಣಕದ ಕೆಲಸಕ್ಕೆ ಗಣಿತ ಬೇಕು, ಕನ್ನಡದವರಿಗೆ ಅಲ್ಲೇನು ಕೆಲಸ ಎಂಬ ಸಂಕೋಚ ನಮ್ಮ ತರಗತಿಗಳಲ್ಲಿ ಇನ್ನೂ ಉಳಿದಿದೆ. ಐದು ಕೀಲಿಗಳಲ್ಲಿ ‘ಕನ್ನಡ’ ಎಂದು ಬರೆಯುವ ವಿನ್ಯಾಸವೂ, ಫಕಾರದ ಹೆಸರನ್ನು ಹೊತ್ತು ನಿಂತಿರುವ ರಳಕಾರವೂ ಈ ಸಂಕೋಚಕ್ಕೆ ಎರಡು ಕಡೆಯಿಂದ ಉತ್ತರ ಹೇಳುತ್ತವೆ. ನುಡಿಯುವ ಯಂತ್ರಗಳು ಯಾವ ಕನ್ನಡವನ್ನು ನುಡಿಯಬೇಕು, ಯಾರ ಕನ್ನಡವನ್ನು ಕೇಳಿಸಿಕೊಳ್ಳಬೇಕು ಎಂಬ ತೀರ್ಮಾನಗಳು ಈಗ ಆಗುತ್ತಿವೆ. ಆ ತೀರ್ಮಾನಗಳು ನೆಲೆಗೊಳ್ಳುವ ಮೊದಲೇ ಕನ್ನಡದ ಅಧ್ಯಯನಕಾರರು ತಮ್ಮ ಸಾಮಗ್ರಿಯೊಡನೆ ಅಲ್ಲಿ ಉಪಸ್ಥಿತರಿರಬೇಕು.